ಓದುಗರ ಪ್ರಶ್ನೆ: ಮರದ ಗಡಿಯಾರಕ್ಕೆ ಎಲ್ಲೆಲ್ಲಿ ಬೇರಿಂಗ್ ಬೇಕು?

ಪ್ರಶ್ನೆ: ತೇಗದ ಹಲಗೆಯಲ್ಲಿ ಹಲ್ಲುಚಕ್ರಗಳನ್ನು ಕೊರೆದು, ತೂಕದ ಬಲದಿಂದ ಓಡುವ ಲೋಲಕದ ಗಡಿಯಾರವೊಂದನ್ನು ಮನೆಯಲ್ಲೇ ಕಟ್ಟಿದ್ದೇನೆ. ಎಲ್ಲ ಚಕ್ರಗಳಿಗೂ 608 ಬೇರಿಂಗ್ ಹಾಕಿದ್ದರೂ ಅದು ಸ್ವಲ್ಪ ಹೊತ್ತಿನಲ್ಲೇ ನಿಂತುಹೋಗುತ್ತದೆ. ಇನ್ನೂ ದುಬಾರಿ ಬೇರಿಂಗ್ ಕೊಳ್ಳಬೇಕೇ? ಗಾಳಿಗೆ ತಿರುಗುವ ಶಿಲ್ಪಕ್ಕೂ ಇದನ್ನೇ ಬಳಸಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಕೊಳ್ಳುವ ಅಗತ್ಯವಿಲ್ಲ, ಇರುವುದರಲ್ಲೇ ಕೆಲವನ್ನು ತೆಗೆಯಬೇಕು. 8 ಮಿ.ಮೀ. ರಂಧ್ರ, 22 ಮಿ.ಮೀ. ಹೊರವ್ಯಾಸದ 608 ಬೇರಿಂಗ್ ಸ್ಕೇಟಿಂಗ್ ಚಕ್ರಗಳಲ್ಲಿ ಮನುಷ್ಯನ ಭಾರ ಹೊತ್ತು ವೇಗವಾಗಿ ಸುತ್ತುವಂಥದ್ದು. ನಿಮ್ಮ ಗಡಿಯಾರದ ಕೊನೆಯ ಚಕ್ರ, ಅಂದರೆ ಲೋಲಕಕ್ಕೆ ತಾಗಿ ಟಿಕ್ ಟಿಕ್ ಎನ್ನುವ ಎಸ್ಕೇಪ್ ಚಕ್ರ, ಸಾಮಾನ್ಯವಾಗಿ ನಿಮಿಷಕ್ಕೊಂದು ಸುತ್ತು ಹಾಕುತ್ತದೆ ಮತ್ತು ಅದನ್ನು ತಲುಪುವ ಬಲ ತೀರಾ ಅಲ್ಪ. ಅಷ್ಟು ಬಲವನ್ನು ಒಳಗಿನ ಗ್ರೀಸ್ ಮತ್ತು ರಬ್ಬರ್ ಮುಚ್ಚಳದ ಅಂಚೇ ನುಂಗಿಬಿಡುತ್ತವೆ. ಹೊರಬಳೆಯನ್ನು ಹಿಡಿದು ಒಳಬಳೆಯನ್ನು ಬೆರಳಿನಿಂದ ತಿರುಗಿಸಿ ನೋಡಿ: ರಬ್ಬರ್ ಮುಚ್ಚಳವಿದ್ದರೆ ಬೆರಳು ತೆಗೆದೊಡನೆ ನಿಲ್ಲುತ್ತದೆ. ಉಜ್ಜುವ ಜಾಗ ನಡುವಿನಿಂದ ದೂರವಾದಷ್ಟೂ ತಡೆ ಹೆಚ್ಚು. ಮುಚ್ಚಳ 4 ಮಿ.ಮೀ.ಗಿಂತ ಆಚೆ ಉಜ್ಜಿದರೆ, 1 ಮಿ.ಮೀ. ದಪ್ಪದ ಉಕ್ಕಿನ ತಂತಿ, ಅಚ್ಚು ಕೂರುವ ಪುಟ್ಟ ಕೊಳವೆಯಾದ ಹಿತ್ತಾಳೆ ಬುಷ್‌ನಲ್ಲಿ ಅರ್ಧ ಮಿ.ಮೀ. ದೂರದಲ್ಲಿ ಉಜ್ಜುತ್ತದೆ. ಆದ್ದರಿಂದ ಎಸ್ಕೇಪ್ ಚಕ್ರಕ್ಕೆ ಅಚ್ಚಾಗಿ ಅಂಥ ತಂತಿಯೇ ಸಾಕು.

ತೂಕದ ಹಗ್ಗ ಸುತ್ತುವ ಉರುಳೆಗೆ ಮಾತ್ರ ಬೇರಿಂಗ್ ಇರಲಿ, ಏಕೆಂದರೆ ಪೂರ್ತಿ ಭಾರ ಬೀಳುವುದು ಅಲ್ಲಿ. ನಡುವಿನ ಚಕ್ರಗಳಲ್ಲೂ ಉಳಿಸಿಕೊಳ್ಳುವುದಾದರೆ ಸೂಜಿಮೊನೆಯಿಂದ ಮುಚ್ಚಳ ಎಬ್ಬಿಸಿ, ಗ್ರೀಸ್ ಪೂರ್ತಿ ಹೋಗುವವರೆಗೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆಯಂತ್ರದ ಎಣ್ಣೆಯನ್ನು ಒಂದೇ ಹನಿ ಬಿಡಿ. ಎಣ್ಣೆಯೇ ಇಲ್ಲದಿದ್ದರೆ ಮಲೆನಾಡಿನ ತೇವಕ್ಕೆ ಗುಂಡುಗಳು ತುಕ್ಕು ಹಿಡಿಯುತ್ತವೆ. ಲೋಲಕವನ್ನಂತೂ ಬೇರಿಂಗಿಗೆ ನೇತುಹಾಕಬೇಡಿ. ಕೆಲವೇ ಡಿಗ್ರಿಗಳ ಓಲಾಟಕ್ಕೆ ತೆಳುವಾದ ಉಕ್ಕಿನ ಪಟ್ಟಿಯೇ ಮೇಲು. 18ನೇ ಶತಮಾನದ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಚ್3 ಎಂಬ ಹಡಗಿನ ಗಡಿಯಾರಕ್ಕೆ ರೋಲರುಗಳು ಒಂದಕ್ಕೊಂದು ತಾಗದಂತೆ ಹಿಡಿದಿಡುವ ಪಂಜರವಿರುವ ರೋಲರ್ ಬೇರಿಂಗನ್ನು ರೂಪಿಸಿದವನು. ಆದರೆ ಅದಕ್ಕೂ ಮೊದಲಿನ ತನ್ನ ಮರದ ಗಡಿಯಾರಗಳಲ್ಲಿ ಸ್ವತಃ ಜಿಡ್ಡಿರುವ ಲಿಗ್ನಮ್ ವೀಟೇ ಮರದ ಬುಷ್‌ಗಳಿಂದಲೇ ಎಣ್ಣೆಯಿಲ್ಲದೆ ಕೆಲಸ ಸಾಗಿಸಿದ್ದ.

ಗಾಳಿಶಿಲ್ಪದ ವಿಷಯ ಇದಕ್ಕೆ ತದ್ವಿರುದ್ಧ. ಮಳೆ, ದೂಳು, ರೆಕ್ಕೆಗಳ ಭಾರ ಎಲ್ಲವೂ ಇರುವುದರಿಂದ ಗ್ರೀಸೂ ರಬ್ಬರ್ ಮುಚ್ಚಳವೂ ಅಲ್ಲಿ ಬೇಕೇ ಬೇಕು. ಒಂದೇ ಬೇರಿಂಗ್ ಹಾಕಿದರೆ ಅಚ್ಚು ತೊನೆಯುತ್ತದೆ. ಎರಡನ್ನು ಸಾಕಷ್ಟು ಅಂತರದಲ್ಲಿ ಕೂರಿಸಿ. ಮಂದಗಾಳಿಗೆ ತಿರುಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬೇರಿಂಗನ್ನಲ್ಲ, ಸಮತೂಕವನ್ನು. ಅಡ್ಡ ಅಚ್ಚಿನ ಚಕ್ರ ಪ್ರತಿ ಸಲವೂ ಒಂದೇ ಬದಿ ಕೆಳಗಾಗಿ ನಿಂತರೆ ಎದುರು ಬದಿಗೆ ತೂಕ ಸೇರಿಸಬೇಕು.

ಕೂರಿಸುವಾಗ ರಂಧ್ರಕ್ಕೆ ತಳ್ಳುವುದಾದರೆ ಹೊರಬಳೆಯನ್ನೂ, ಅಚ್ಚಿಗೆ ತೊಡಿಸುವುದಾದರೆ ಒಳಬಳೆಯನ್ನೂ ಒತ್ತಿ. ಅದಲುಬದಲಾದರೆ ಗುಂಡುಗಳ ಹಾದಿಯಲ್ಲಿ ತಗ್ಗು ಬಿದ್ದು, ಹೊಸ ಬೇರಿಂಗೂ ಗರಗರ ಎನ್ನತೊಡಗುತ್ತದೆ.