ಎಚ್‌ಆರ್ "ನಿಮಗೆ ಎಷ್ಟು ಬೇಕು?" ಅಂತ ಕೇಳಿದಾಗ ಏನು ಹೇಳಬೇಕು?

ನೀವು ಬರೆದದ್ದನ್ನು ಓದಿ ಕರುಳು ಚುರುಕ್ ಅಂತು. ನಾಲ್ಕು ತಿಂಗಳಿಂದ ಅರ್ಜಿ ಹಾಕುತ್ತಿದ್ದೀರಿ, ಯಾರೂ ಉತ್ತರ ಕೊಟ್ಟಿಲ್ಲ. ಈಗ ಒಂದೇ ಒಂದು ಕಡೆ ಸೆಲೆಕ್ಟ್ ಆಗಿದ್ದೀರಿ. ಅವರು ಈಗಿನ ಸಂಬಳದ ಮೇಲೆ 30 ಪರ್ಸೆಂಟ್ ಬಿಟ್ಟು ಒಂದು ರೂಪಾಯಿ ಜಾಸ್ತಿ ಕೊಡಲ್ಲ ಅನ್ನುತ್ತಿದ್ದಾರೆ. ಹೆಚ್ಚು ಕೇಳಿದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತು ಅನ್ನೋದು ನಿಮ್ಮ ಭಯ, ಅಲ್ವಾ?

ನಾನೂ ಅದೇ ಭಯದಲ್ಲಿ 2019ರಲ್ಲಿ ಫೋನಿನಲ್ಲೇ ಒಪ್ಪಿಕೊಂಡುಬಿಟ್ಟೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಆರು ಲಕ್ಷ ಸಿಟಿಸಿ, ಅಂದರೆ ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ತಿಂಗಳಿಗೆ ಐವತ್ತು ಸಾವಿರ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಪಕ್ಕದ ಮನೆಯವರಿಗೂ ಹೇಳಿಕೊಂಡು ಬಂದಳು. ಮೊದಲ ತಿಂಗಳು ಅಕೌಂಟಿಗೆ ಬಿದ್ದದ್ದು 38,371 ರೂಪಾಯಿ. ಏನೋ ತಪ್ಪಾಗಿದೆ ಅಂದುಕೊಂಡು ಪೇಸ್ಲಿಪ್ ಹಿಡಿದು ಪಿಜಿಯ ಮಂಚದ ಮೇಲೆ ಕೂತು ಲೆಕ್ಕ ಹಾಕಿದೆ. ತಪ್ಪೇನೂ ಆಗಿರಲಿಲ್ಲ.

ಆ ಆರು ಲಕ್ಷದಲ್ಲಿ 60,000 ವೇರಿಯಬಲ್, ಅಂದರೆ ಖಾತ್ರಿಯಿಲ್ಲದ ಭಾಗ. ಅದು ವರ್ಷದ ಕೊನೆಗೆ, ಅದೂ ಅವರು ಕೊಟ್ಟರೆ. ಬೇಸಿಕ್, ಅಂದರೆ ಮೂಲ ವೇತನ, ತಿಂಗಳಿಗೆ 20,000. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 12 ಪರ್ಸೆಂಟ್, ಅಂದರೆ ವರ್ಷಕ್ಕೆ 28,800. ಹಲವು ವರ್ಷ ದುಡಿದು ಬಿಡುವಾಗ ಸಿಗುವ ಗ್ರಾಚ್ಯುಟಿ ಅಂತ ಬೇಸಿಕ್‌ನ 4.81 ಪರ್ಸೆಂಟ್, 11,544. ಇನ್ಶೂರೆನ್ಸ್‌ಗೆ 8,000. ಇವೆಲ್ಲ ಸಿಟಿಸಿ ಒಳಗೇ ಸೇರಿವೆ, ಆದರೆ ತಿಂಗಳ ಸಂಬಳದಲ್ಲಿ ಬರಲ್ಲ. ಉಳಿದದ್ದು ತಿಂಗಳಿಗೆ 40,971. ಅದರಲ್ಲಿ ನನ್ನ ಪಾಲಿನ ಪಿಎಫ್ 2,400, ವೃತ್ತಿ ತೆರಿಗೆ 200 ಹೋಯಿತು. ಪಿಎಫ್ ನಮ್ಮದೇ ದುಡ್ಡು, ನಿಜ. ಆದರೆ ಪಿಜಿ ಬಾಡಿಗೆಯನ್ನು ಅದರಿಂದ ಕಟ್ಟೋಕಾಗಲ್ಲ.

ಹಾಗಾಗಿ ಮೊದಲು ಬ್ರೇಕಪ್, ಅಂದರೆ ಸಂಬಳದ ಬಿಡಿ ಬಿಡಿ ಲೆಕ್ಕ, ತರಿಸಿಕೊಳ್ಳಿ. "ಮೇಡಂ, ಒಪ್ಪಿಕೊಳ್ಳುವ ಮುಂಚೆ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ತಿಂಗಳಿಗೆ ಕೈಗೆ ಎಷ್ಟು ಬರುತ್ತೆ ಅಂತ ಒಂದು ಮೇಲ್ ಕಳಿಸಿ" ಅನ್ನಿ. ಇದನ್ನು ಕೇಳೋಕೆ ಸಂಕೋಚ ಬೇಡ, ಅವರಿಗೆ ಇದು ದಿನಾ ಮಾಡುವ ಕೆಲಸ. ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿಕೊಂಡು ಈಗಿನ ಕೆಲಸಕ್ಕೆ ರಾಜೀನಾಮೆ ಮಾತ್ರ ಕೊಡಬೇಡಿ.

ಇನ್ನು ಆ 30 ಪರ್ಸೆಂಟ್ ವಿಷಯ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ನಮ್ಮ ದೊಡ್ಡ ಐಟಿ ಕಂಪನಿಗಳು ಫ್ರೆಶರ್‌ಗಳಿಗೆ (ಹೊಸದಾಗಿ ಕೆಲಸಕ್ಕೆ ಸೇರುವವರಿಗೆ) ಹತ್ತು ವರ್ಷಕ್ಕೂ ಜಾಸ್ತಿ ಕಾಲ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಸುತ್ತಲೇ ಕೊಟ್ಟುಕೊಂಡು ಬಂದವು. ಅಲ್ಲಿಂದ ಶುರುಮಾಡಿದವರಿಗೆ ಹಳೇ ಸಂಬಳದ ಮೇಲೆ ಪರ್ಸೆಂಟ್ ಲೆಕ್ಕ ಹಾಕುತ್ತಾ ಹೋದರೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಿಕ್ಕ ಕಡಿಮೆ ಸಂಬಳ ಮುಂದಿನ ಪ್ರತಿ ಕೆಲಸಕ್ಕೂ ಹಿಂದೆಯೇ ಬರುತ್ತೆ. ಪಕ್ಕದ ಸೀಟಿನವನು ಅದೇ ಕೆಲಸಕ್ಕೆ ಒಂದೂವರೆ ಪಟ್ಟು ತೆಗೆದುಕೊಳ್ಳುತ್ತಿರುತ್ತಾನೆ.

2022ರಲ್ಲಿ ನಾನು ಬೇರೆ ಥರ ಮಾತಾಡಿದೆ. ಮೊದಲು ನನ್ನಷ್ಟೇ ಅನುಭವ ಇರುವ ಮೂವರು ಹಳೇ ಸಹೋದ್ಯೋಗಿಗಳಿಗೆ ಫೋನ್ ಮಾಡಿ ಅವರ ಸಂಬಳ ಕೇಳಿದೆ. ಮುಜುಗರ ಆಯಿತು, ಆದರೂ ಮೂವರೂ ಹೇಳಿದರು. ಆಮೇಲೆ ಎಚ್‌ಆರ್‌ಗೆ ಹೇಳಿದೆ: "ನನ್ನ ಈಗಿನ ಸಂಬಳ ಇಷ್ಟು, ಮುಚ್ಚಿಡುವುದಿಲ್ಲ. ಆದರೆ ಈ ಕೆಲಸಕ್ಕೆ ಬೇರೆ ಕಡೆ ಇಷ್ಟು ಕೊಡುತ್ತಿದ್ದಾರೆ. ಫಿಕ್ಸೆಡ್ ಅಷ್ಟಾದರೆ ಇವತ್ತೇ ಒಪ್ಪಿಕೊಳ್ಳುತ್ತೇನೆ." ಹೇಳಿ ಸುಮ್ನೆ ಇದ್ದೆ. ಆ ಕಡೆಯಿಂದಲೂ ಮಾತಿಲ್ಲ. ಕೀಬೋರ್ಡ್ ಸದ್ದು ಮಾತ್ರ ಕೇಳಿಸುತ್ತಿತ್ತು. "ಇಲ್ಲಾಂದ್ರೆ ಪರವಾಗಿಲ್ಲ ಮೇಡಂ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. "ಮ್ಯಾನೇಜರ್ ಹತ್ರ ಕೇಳಿ ನಾಳೆ ಹೇಳ್ತೀನಿ" ಅಂದರು. ಮಾರನೇ ದಿನ ನಾನು ಕೇಳಿದ್ದಕ್ಕಿಂತ 50,000 ಕಡಿಮೆಗೆ ಮೇಲ್ ಬಂತು. ಅವರು ಮೊದಲು ಹೇಳಿದ್ದಕ್ಕಿಂತ ಅದು ಒಂದೂವರೆ ಲಕ್ಷ ಜಾಸ್ತಿ.

ಈಗಿನ ಸಂಬಳದ ಬಗ್ಗೆ ಮಾತ್ರ ಸುಳ್ಳು ಹೇಳಬೇಡಿ. ಮೂರು ತಿಂಗಳ ಪೇಸ್ಲಿಪ್ ಕೇಳೇ ಕೇಳುತ್ತಾರೆ.

ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆದುಕೊಂಡರೆ? ವಿನಯವಾಗಿ, ಒಂದು ಸಲ ಕೇಳಿದವರಿಗೆ ಹಾಗಾಗಿದ್ದನ್ನು ನಾನು ನೋಡಿಲ್ಲ. ನಾಲ್ಕು ರೌಂಡ್ ಇಂಟರ್‌ವ್ಯೂ ಮಾಡಿ ಒಬ್ಬರನ್ನು ಆರಿಸಿದ ಮೇಲೆ ಮತ್ತೆ ಮೊದಲಿಂದ ಹುಡುಕೋದು ಅವರಿಗೂ ಕಷ್ಟ. ಹೆಚ್ಚೆಂದರೆ "ಆಗಲ್ಲ" ಅನ್ನಬಹುದು. ಆಗ ವೇರಿಯಬಲ್ ಕಡಿಮೆ ಮಾಡಿ ಅದನ್ನು ಫಿಕ್ಸೆಡ್‌ಗೆ ಸೇರಿಸೋಕೆ ಕೇಳಿ. ಜಾಯಿನಿಂಗ್ ಬೋನಸ್ ಕೊಡುತ್ತೇವೆ ಅಂದರೆ, ಎಷ್ಟು ದಿನದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನೋದನ್ನು ಓದಿ. ಕೇಳೋಕೆ ಇದೇ ಸಮಯ. ಸಹಿ ಹಾಕಿದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ.

ಉತ್ತರ ಬಾರದ ಅರ್ಜಿಗಳ ಬಗ್ಗೆ ಒಂದು ಮಾತು. ರೆಸ್ಯೂಮೆ ಅಪ್‌ಲೋಡ್ ಮಾಡಿಸಿಕೊಂಡು, ಅದರಲ್ಲಿ ಇರುವುದನ್ನೆಲ್ಲ ಮತ್ತೆ ಒಂದೊಂದೇ ಡಬ್ಬಿಯಲ್ಲಿ ಟೈಪ್ ಮಾಡಿಸುತ್ತಾರೆ. ಆಮೇಲೆ ಸದ್ದೇ ಇಲ್ಲ. ಅದಕ್ಕೆ ನಿಮ್ಮ ಯೋಗ್ಯತೆಯೇ ಕಾರಣ ಅಂದುಕೊಳ್ಳಬೇಡಿ. ನೌಕ್ರಿಯಂಥ ಕೆಲಸ ಹುಡುಕುವ ಸೈಟಿನಲ್ಲಿ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೇ ಕಂಪನಿಯಲ್ಲಿ ದುಡಿಯಬೇಕಾದ ದಿನಗಳು) ನೋಡಿಯೇ ಸೋಸುವವರಿದ್ದಾರೆ. 90 ದಿನ ಅಂತ ಹಾಕಿದ್ದರೆ ಎಷ್ಟೋ ಜನರಿಗೆ ನಿಮ್ಮ ಹೆಸರೇ ಕಾಣಿಸಿರಲ್ಲ. ನನಗೆ 2022ರ ಕೆಲಸ ಸಿಕ್ಕಿದ್ದೂ ಸೈಟಿನಿಂದಲ್ಲ. ಸಂಬಳ ಕೇಳೋಕೆ ಫೋನ್ ಮಾಡಿದ್ದೆನಲ್ಲ, ಆ ಮೂವರಲ್ಲಿ ಒಬ್ಬನೇ ಅದಕ್ಕೂ ಮುಂಚೆ ತನ್ನ ಕಂಪನಿಯಲ್ಲಿ ರೆಫರ್ ಮಾಡಿದ್ದ.

ಬ್ರೇಕಪ್ ಬಂದ ಮೇಲೆ ಕಂಪನಿ ಹೆಸರು ತೆಗೆದು ಅಂಕಿಗಳನ್ನಷ್ಟೇ ಇಲ್ಲಿ ಹಾಕಿ. ಕೈಗೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.