ಜಗಳ ಅವರಿಬ್ಬರದು, ಹೆಣ ಮೂರನೇದವರದು ಯಾಕ?

ಗದಗ ಸನೇದ ಒಂದು ಹಳ್ಳಿ ಹೈಸ್ಕೂಲಿನ ಸಮಾಜ ವಿಜ್ಞಾನದ ಅಕ್ಕೋರು ನಮಗ ಎರಡು ಪುಟದ ಪತ್ರ ಬರದಾರ. ಸಾರ ಇಷ್ಟು: ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಟಿವಿಯಾಗ "ಪ್ರಾಕ್ಸಿ ವಾರ್" ಅನ್ನೋ ಮಾತು ಕೇಳಿ ಬಂದು, ಹಂಗಂದ್ರ ಏನ್ರಿ ಅಂತ ಕೇಳಿದ. ಇವರು "ಕೋಣ ಎರಡು ಹೋರಾಡಿದ್ರ ಗಿಡಕ್ಕ ಸಾವು" ಅನ್ನೋ ಗಾದಿ ಹೇಳಿದ್ರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕೋರ, ಇಲ್ಲಿ ಕೋಣ ಹೋರಾಡಾಕತ್ತಿಲ್ಲಲ್ರಿ, ದೂರ ನಿಂತಾವ. ಮತ್ತ ಗಿಡ ಯಾಕ ಸಾಯ್ತಾವ?" ಅಂದನಂತ. "ನನಗ ಉತ್ತರ ಹೊಳೀಲಿಲ್ಲ. ದೊಡ್ಡ ದೇಶಗಳು ನೇರ ಯಾಕ ಹೊಡೆದಾಡಂಗಿಲ್ಲ, ನಮ್ಮ ದೇಶನೂ ಹಿಂಗ ಮಾಡೇತೇನು, ಮಕ್ಕಳಿಗೆ ಹೇಳೂ ಹಂಗ ಬರೀರಿ" ಅಂತ ಕೇಳ್ಯಾರ.

ಸಂಪಾದಕರ ಉತ್ತರ:

ಅಕ್ಕೋರ, ನಮಸ್ಕಾರ್ರಿ. ನಿಮ್ಮ ಪತ್ರಾನ ಎರಡು ಮೂರು ಸಲ ಓದಿದೆ. ಆ ಹುಡುಗ ಕೇಳಿದ ಪ್ರಶ್ನೆ ಭಾಳ ದೊಡ್ಡದೈತಿ, ಅದಕ್ಕ ನಾಕು ಸಾಲಿನ್ಯಾಗ ಉತ್ತರ ಬರದು ಕೈತೊಳಕೊಂಡ್ರ ತಪ್ಪಾಗ್ತೈತಿ ಅನ್ನಿಸಿ ಈ ಸಲ ಉಳಿದ ಪತ್ರ ಮುಂದಿನ ಸಂಚಿಕಿಗೆ ಇಟ್ಟು ನಿಮ್ಮದೊಂದಕ್ಕ ಜಾಗಾ ಕೊಟ್ಟೇವಿ.

ಪ್ರಾಕ್ಸಿ ವಾರ್ ಅಂದ್ರ ತಾವು ಮುಂದ ಬರದ ಬ್ಯಾರೆಯವರ ಕೈಲೆ ಮಾಡಿಸೂ ಯುದ್ಧ. ಮೊದಲು ಅವಂಗ ಅಫ್ಘಾನಿಸ್ತಾನ, ಸಿರಿಯಾ ಅಂತ ದೂರದ ಹೆಸರು ಹೇಳಬ್ಯಾಡ್ರಿ. ನಿಮ್ಮ ಬಾಜೂಕಿನ ಸವಣೂರಿಂದ ಶುರು ಮಾಡ್ರಿ. 1748ರಾಗ ಯುರೋಪಿನ್ಯಾಗ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿ ಆತು, ಕಾಗದದ ಮ್ಯಾಲ ಇಬ್ಬರ ನಡುವ ಯುದ್ಧ ಇಲ್ಲ. ಆದ್ರ ಮರುವರ್ಷನ, 1749ರಾಗ, ನಮ್ಮ ದಕ್ಷಿಣದಾಗ ಅವರ ಯುದ್ಧ ಮತ್ತ ಚಾಲೂ ಆತು, ಈ ಸಲ ಬ್ಯಾರೆಯವರ ಹೆಸರಿನ್ಯಾಗ. ಆರ್ಕಾಟಿನ ಗಾದಿಗೆ ಫ್ರೆಂಚರು ಚಂದಾ ಸಾಹೇಬನ ಬೆನ್ನಿಗೆ ನಿಂತ್ರ ಇಂಗ್ಲಿಷರು ಮಹಮ್ಮದ್ ಅಲಿ ಬೆನ್ನಿಗೆ ನಿಂತ್ರು, ಹೈದರಾಬಾದಿನ ಗಾದಿಗೆ ಫ್ರೆಂಚರು ಮುಜಫರ್ ಜಂಗ್ ಅಂದ್ರ ಇಂಗ್ಲಿಷರು ನಾಸಿರ್ ಜಂಗ್ ಅಂದ್ರು. ನಾಸಿರ್ ಜಂಗ್‌ನ ದಂಡಿನೊಳಗ ಕಡಪಾ, ಕರ್ನೂಲು ನವಾಬರ ಜೋಡಿ ನಮ್ಮ ಸವಣೂರ ನವಾಬನೂ ಇದ್ದ. ಪುದುಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆ ಈ ಮೂವರ ಕೂಡ ಒಳಗೊಳಗ ಮಾತುಕತಿ ನಡೆಸಿದ, 1750ರ ಡಿಸೆಂಬರಿನ್ಯಾಗ ನಾಸಿರ್ ಜಂಗ್ ತನ್ನ ಕಡಿಯವರ ಕೈಯಾಗನ ಸತ್ತ. ಮೂವರು ನವಾಬರಿಗೆ ತಾವು ಬಯಸಿದಷ್ಟು ಸಿಗಲಿಲ್ಲ, ಎರಡೇ ತಿಂಗಳಿಗೆ ಮುಜಫರ್ ಜಂಗ್ ಮ್ಯಾಲೂ ತಿರುಗಿ ಬಿದ್ರು. ಆ ಗದ್ದಲದಾಗ ಮುಜಫರ್ ಜಂಗ್ ಸತ್ತ, ಸವಣೂರ ನವಾಬನೂ ಸತ್ತ. ಫ್ರೆಂಚ್ ಸೇನಾಪತಿ ಬುಸ್ಸಿ ಸಲಾಬತ್ ಜಂಗ್ ಅನ್ನೋ ಇನ್ನೊಬ್ಬನ್ನ ಗಾದಿಗೆ ಕುಂದರಿಸಿ ದಂಡು ಮುಂದ ನಡೆಸಿದ.

ಈ ಒಂದು ಕತಿಯೊಳಗ ಇವತ್ತಿನ ಪ್ರಾಕ್ಸಿ ವಾರ್‌ದು ಹೆಚ್ಚೂಕಡಿಮಿ ಎಲ್ಲಾ ಐತಿ ನೋಡ್ರಿ. ಹಿಂದ ನಿಂತವರು ಕಾಗದದ ಮ್ಯಾಲ ಶಾಂತವಾಗೇ ಇರ್ತಾರ. ಮುಂದ ನಿಂತವರಿಗೆ ತಮ್ಮದೇ ಆಸೆ, ತಮ್ಮದೇ ಜಗಳ ಇರ್ತಾವ, ಗಾದಿಯೋ ಜಾಗೀರೋ ಹಳೇ ದ್ವೇಷವೋ. ಟಿವಿಯವರು ಇವರನ್ನ ಕೈಗೊಂಬಿ ಅಂತಾರ, ಅದು ಅರ್ಧ ಅಷ್ಟ ಖರೆ. ಮನಿಯೊಳಗ ಮೊದಲ ಬಿರುಕು ಇರಲಾರದ ಹೊರಗಿನವನ ರೊಕ್ಕ ಒಳಗ ಬರಾಕ ದಾರಿನ ಇರಂಗಿಲ್ಲ.

ಇನ್ನ ನೇರ ಯಾಕ ಹೊಡೆದಾಡಂಗಿಲ್ಲ ಅನ್ನೋದು. 1949ರಾಗ ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷೆ ಮಾಡಿತು, ಅಮೆರಿಕಾದ ಹತ್ರ ಮೊದಲ ಇತ್ತು. ಅಲ್ಲಿಂದ ಮುಂದ ಇಬ್ಬರಿಗೂ ಗೊತ್ತು, ನಾವಿಬ್ಬರೂ ಎದರಾಬದರ ನಿಂತ್ರ ಗೆದ್ದವನ ಊರೂ ಉಳಿಯಂಗಿಲ್ಲ ಅಂತ. ಹಂಗಂತ ಪೈಪೋಟಿ ಬಿಟ್ರೇನು, ಬಿಡಲಿಲ್ಲ, ಹೊಡೆದಾಟಾನ ಬ್ಯಾರೆಯವರ ಅಂಗಳಕ್ಕ ಒಯ್ದ್ರು. ಕೊರಿಯಾ ಯುದ್ಧದಾಗ, 1950ರಿಂದ 53ರ ತನಕ, ಸೋವಿಯತ್ ಪೈಲಟ್‌ಗಳು ಚೀನಾ, ಉತ್ತರ ಕೊರಿಯಾದ ಗುರುತು ಬಳದ ಮಿಗ್ ವಿಮಾನ ಹಾರಿಸಿ ಅಮೆರಿಕಾದ ವಿಮಾನಗಳ ಜೋಡಿ ಆಕಾಶದಾಗ ಕಾದಾಡಿದ್ರು. ರಷ್ಯಾದವರು ಇದನ್ನ ಮುಚ್ಚಿಟ್ಟಿದ್ರಾಗ ಏನೂ ಆಶ್ಚರ್ಯ ಇಲ್ಲ. ಆಶ್ಚರ್ಯ ಅಂದ್ರ ಅಮೆರಿಕಾದವರೂ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಯಾಕಂದ್ರ ಬಾಯಿ ಬಿಟ್ರ ಅವರ ಜನ, ಹಂಗಾದ್ರ ರಷ್ಯಾ ಮ್ಯಾಲ ಹೋಗ್ರಿ ಅಂತಿದ್ರು. "ನಾವಲ್ಲ" ಅನ್ನೋ ಸುಳ್ಳು ಎದುರಿನವನನ್ನ ಮೋಸ ಮಾಡಾಕ ಹೇಳಿದ್ದಲ್ಲ ಅಕ್ಕೋರ, ಅವಂಗ ಎಲ್ಲಾ ಗೊತ್ತಿರ್ತೈತಿ. ಇಬ್ಬರೂ ಕೂಡಿ ಕಾಪಾಡೂ ಸುಳ್ಳು ಅದು, ದೊಡ್ಡ ಯುದ್ಧ ಆಗಬಾರದು ಅಂತ. ದೊಡ್ಡವರ ನಡುವ ಶಾಂತಿ ಉಳಿಸೂ ಆ ಸುಳ್ಳೇ ಸಣ್ಣವರ ಹೆಣದ ಲೆಕ್ಕಾನ ಯಾರ ಹೆಸರಿಗೂ ಬರದಂಗ ಮಾಡ್ತೈತಿ. ನಿಮ್ಮ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದ: ಗಿಡ ಯಾಕ ಸಾಯ್ತಾವ ಅಂದ್ರ, ಆ ಸಾವಿಗೆ ಯಾರೂ ಲೆಕ್ಕ ಕೊಡಬೇಕಾಗಿಲ್ಲ, ಅದಕ್ಕ.

ಈಗ ಅಫ್ಘಾನಿಸ್ತಾನ. ಇದನ್ನ ಸ್ವಲ್ಪ ವಿಸ್ತಾರ ಹೇಳ್ತೀನಿ, ಯಾಕಂದ್ರ ರೊಕ್ಕ, ಮದ್ದು, ಬಂದೂಕು ಯಾವ ದಾರಿ ಹಿಡಿದು ಹೋಗ್ತಾವ ಅನ್ನೋದು ಇಲ್ಲಿ ಕಂಡಷ್ಟು ಸ್ಪಷ್ಟ ಬ್ಯಾರೆ ಕಡೆ ಕಾಣಂಗಿಲ್ಲ. 1979ರ ಡಿಸೆಂಬರಿನ್ಯಾಗ ಸೋವಿಯತ್ ಸೇನಾ ಒಳಗ ಬಂತು. ಅಮೆರಿಕಾ ತನ್ನ ಸೈನಿಕರನ್ನ ಕಳಿಸಲಿಲ್ಲ. ಅದರ ಗುಪ್ತಚರ ಸಂಸ್ಥೆ ಸಿಐಎ ಮೊದಮೊದಲು ಈಜಿಪ್ಟ್, ಚೀನಾದಿಂದ ರಷ್ಯಾ ನಮೂನಿಯ ಬಂದೂಕನ್ನೇ ಕೊಂಡಿತು, ಯಾಕಂದ್ರ ಸಿಕ್ಕಿಬಿದ್ರೂ ಅಮೆರಿಕಾದ್ದು ಅಂತ ಹೇಳಾಕ ಬರಬಾರದು, ರಷ್ಯಾದವರಿಂದಾನ ಕಸಗೊಂಡಿದ್ದು ಅನ್ನಬಹುದು. ಅಮೆರಿಕಾ ಎಷ್ಟು ಡಾಲರ್ ಹಾಕಿದ್ರ ಸೌದಿ ಅರೇಬಿಯಾ ಅಷ್ಟೇ ಹಾಕಬೇಕು ಅಂತ ಒಪ್ಪಂದ. ಮಾಲು ಹಡಗಿನ್ಯಾಗ ಕರಾಚಿಗೆ ಬರೂದು, ಅಲ್ಲಿಂದ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್ಐ ಕೈಗೆ, ಅವರು ಪೇಶಾವರದಾಗಿದ್ದ ಅಫ್ಘಾನ್ ಬಂಡುಕೋರರ ಏಳು ಪಕ್ಷಗಳಿಗೆ ಹಂಚೂದು, ಪಕ್ಷದವರು ಗಡಿ ದಾಟಿಸಿ ಕಮಾಂಡರ್‌ಗಳಿಗೆ ಮುಟ್ಟಸೂದು. ನಡುವ ಇಷ್ಟು ಕೈ ಇದ್ದಮ್ಯಾಲ ಪ್ರತಿಯೊಂದು ಕೈಗೂ ತನ್ನದೇ ಹಿತ ಇರ್ತೈತಿ. ಯಾರಿಗೆ ಎಷ್ಟು ಕೊಡಬೇಕು ಅಂತ ಅಮೆರಿಕಾ ಅಲ್ಲ, ಐಎಸ್ಐ ನಿರ್ಧಾರ ಮಾಡ್ತಿತ್ತು, ಅವರಿಗೆ ಬೇಕಾದವ ಆ ಏಳರಾಗ ಒಂದು ಪಕ್ಷದ ಮುಖಂಡ ಗುಲ್ಬುದ್ದೀನ್ ಹೆಕ್ಮತ್ಯಾರ್, ಅವಂಗ ದೊಡ್ಡ ಪಾಲು ಹೋತು. 1986ರಾಗ ಭುಜದ ಮ್ಯಾಲಿಟ್ಟು ವಿಮಾನ ಹೊಡಿಯೂ ಸ್ಟಿಂಗರ್ ಕ್ಷಿಪಣಿ ಬಂತು, ಅಲ್ಲಿಗೆ ಮುಚ್ಚುಮರೆ ಮುಗೀತು, ಯಾಕಂದ್ರ ಅದು ಅಮೆರಿಕಾದ್ದು ಅಂತ ನೋಡಿದ ಕೂಡಲೇ ಗೊತ್ತಾಗ್ತಿತ್ತು. 1988ರ ಏಪ್ರಿಲ್ 10ರಂದು ರಾವಲ್ಪಿಂಡಿಯ ಓಜ್ಡಿ ಕ್ಯಾಂಪಿನ್ಯಾಗ ಈ ಮದ್ದುಗುಂಡಿನ ಗೋದಾಮು ಸ್ಫೋಟ ಆಗಿ ರಾಕೆಟ್ ಎಲ್ಲಾ ಊರ ಮ್ಯಾಲ ಬಿದ್ದು ನೂರರ ಆಸುಪಾಸು ಮಂದಿ ಸತ್ರು. ಅವರು ಯುದ್ಧ ಮಾಡವರಲ್ಲ, ತಮ್ಮ ತಮ್ಮ ಕೆಲಸಕ್ಕ ಹೊಂಟವರು.

1989ರ ಫೆಬ್ರುವರಿ 15ಕ್ಕ ಸೋವಿಯತ್ ಸೇನಾ ವಾಪಸ್ ಹೋತು. ಅವರ ಕಡೆ ಸುಮಾರು 15,000 ಸೈನಿಕರು ಸತ್ತಿದ್ರು. ಅಮೆರಿಕಾದವರು ಇದನ್ನ ದೊಡ್ಡ ಗೆಲುವು ಅಂದ್ರು, ಅವರ ಸೈನಿಕರ ಶವಪೆಟ್ಟಿಗಿ ಒಂದೂ ಬರಲಿಲ್ಲ ಅಂತ. ಅಫ್ಘಾನರು ಸತ್ತಿದ್ದು ಅಂದಾಜಿನ ಪ್ರಕಾರ ಹತ್ತು ಲಕ್ಷದ ಹತ್ರ, ಊರು ಬಿಟ್ಟು ಓಡಿದವರು ಐವತ್ತು ಲಕ್ಷದ ಮ್ಯಾಲ. ಅಂದಾಜು ಅನ್ನೋ ಶಬ್ದ ಗಮನಿಸ್ರಿ. ಸೋವಿಯತ್ ಸೈನಿಕರನ್ನ ಒಬ್ಬೊಬ್ಬರನ್ನ ಎಣಿಸ್ಯಾರ, ಅಫ್ಘಾನರನ್ನ ಲಕ್ಷದ ಲೆಕ್ಕದಾಗ ಅಂದಾಜು ಮಾಡ್ಯಾರ. ಮುಂದ 1992ರಾಗ ಕಾಬೂಲ್ ಸರ್ಕಾರ ಬಿತ್ತು, ಆವಾಗ ಅದೇ ಹೆಕ್ಮತ್ಯಾರ್ ಅದೇ ರಾಕೆಟ್‌ಗಳನ್ನ ಕಾಬೂಲ್ ಊರಿನ ಮ್ಯಾಲನ ಹಾರಿಸಿದ. ಅಮೆರಿಕಾ ತಾನು ಕೊಟ್ಟ ಸ್ಟಿಂಗರ್‌ಗಳನ್ನ ರೊಕ್ಕ ಕೊಟ್ಟು ಮರಳಿ ಕೊಳ್ಳಾಕ ತಿರುಗಾಡಿತು, ಎಲ್ಲಾ ಸಿಗಲಿಲ್ಲ.

ಆ ತರಬೇತಿ, ಆ ಜಾಲ, ಆ ರೂಢಿ ಅಲ್ಲಿಗೇ ನಿಲ್ಲಲಿಲ್ಲ, 1989ರ ನಂತರ ಕಾಶ್ಮೀರಕ್ಕ ಬಂತು, ಅದು ನಿಮಗ ಗೊತ್ತಿರೂದ. ನಾ ಹೇಳಬೇಕಂತಿರೂದು ಕಾರ್ಗಿಲ್‌ದು. 1999ರಾಗ ಬೆಟ್ಟ ಹತ್ತಿ ಕುಂತವರು ಮುಜಾಹಿದ್ದೀನ್‌ಗಳು, ನಮಗೂ ಅವರಿಗೂ ಸಂಬಂಧ ಇಲ್ಲ ಅಂತ ಪಾಕಿಸ್ತಾನ ಹೇಳಿತು. ಅಲ್ಲಿದ್ದವರು ಅವರದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರು. ನಮ್ಮವರಲ್ಲ ಅಂತ ಒಮ್ಮೆ ಹೇಳಿದಮ್ಯಾಲ ಹೆಣ ಹೆಂಗ ತಗೋತಾರ, ಎಷ್ಟೋ ಹೆಣಗಳನ್ನ ತಗೊಳ್ಳಾಕ ಒಪ್ಪಲಿಲ್ಲ, ಅವರ ಪದ್ಧತಿ ಪ್ರಕಾರ ಪ್ರಾರ್ಥನೆ ಮಾಡಿ ಮಣ್ಣು ಮಾಡಿದವರು ನಮ್ಮ ಸೈನಿಕರು. ತನ್ನ ದೇಶಕ್ಕಂತ ಸತ್ತವನನ್ನ ತನ್ನ ದೇಶಾನ ಗುರುತಿಸದ ಹೋದ್ರ ಅವನ ತಾಯಿ ಯಾರನ್ನ ಕೇಳಬೇಕು? ಶತ್ರುವಿನ ಹೆಣ ಅಂತ ಇಲ್ಲಿ ಸುಮ್ಮನ ಮುಂದ ಹೋಗಾಕ ನನ್ನಿಂದ ಆಗಂಗಿಲ್ಲ.

ನಮ್ಮ ದೇಶ ಹಿಂಗ ಮಾಡೇತೇನು ಅಂತ ಕೇಳೀರಿ. ಮಾಡೇತಿ. ಮಕ್ಕಳಿಗೆ ಇದನ್ನ ಮುಚ್ಚಿಡಬ್ಯಾಡ್ರಿ. 1971ರಾಗ ಬಾಂಗ್ಲಾದೇಶದ ಸ್ವಾತಂತ್ರ್ಯಕ್ಕ ಹೋರಾಡಿದ ಮುಕ್ತಿ ಬಾಹಿನಿಗೆ ತರಬೇತಿ, ಬಂದೂಕು ಕೊಟ್ಟಿದ್ದು ನಾವ, ಅದರ ಹಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದ ಸಂಕಟ ಇತ್ತು, ಡಿಸೆಂಬರಿನ್ಯಾಗ ನಮ್ಮ ಸೇನಾ ನೇರ ಇಳೀತು, ಹದಿಮೂರು ದಿನದಾಗ ಮುಗೀತು, ನಾನು ಅದನ್ನ ತಪ್ಪು ಅನ್ನಂಗಿಲ್ಲ. ಆದ್ರ ಶ್ರೀಲಂಕಾ ಬ್ಯಾರೆ. 1983ರ ತಮಿಳರ ಹತ್ಯಾಕಾಂಡದ ನಂತರ ನಮ್ಮ ನೆಲದಾಗ ತಮಿಳು ಸಂಘಟನೆಗಳಿಗೆ ತರಬೇತಿ ಸಿಕ್ಕಿತು, ಅದರಾಗ ಎಲ್‌ಟಿಟಿಇನೂ ಇತ್ತು. ಕೊಲಂಬೋ ಸರ್ಕಾರ ನಮ್ಮ ಮಾತು ಕೇಳಬೇಕು, ಬ್ಯಾರೆ ದೊಡ್ಡ ದೇಶಗಳು ಅಲ್ಲಿ ಕಾಲು ಊರಬಾರದು, ತಮಿಳುನಾಡಿನ ಮಂದಿ ಸಮಾಧಾನ ಆಗಬೇಕು, ಹಿಂಗ ಲೆಕ್ಕಾಚಾರ ಹತ್ತಿದ್ದು. 1987ರಾಗ ಒಪ್ಪಂದ ಆಗಿ ನಮ್ಮ ಶಾಂತಿಪಾಲನಾ ಪಡೆ ಹೋತು, ಕೆಲವೇ ತಿಂಗಳಿನ್ಯಾಗ ಅದೇ ಎಲ್‌ಟಿಟಿಇ ಕೂಡ ಯುದ್ಧಕ್ಕ ನಿಂತಿತು, 1990ರ ಮಾರ್ಚಿಗೆ ವಾಪಸ್ ಬರೂದ್ರೊಳಗ ಸುಮಾರು 1,200 ಸೈನಿಕರನ್ನ ಕಳಕೊಂಡ್ವಿ. 1991ರ ಮೇ 21ಕ್ಕ ಶ್ರೀಪೆರಂಬದೂರಿನ್ಯಾಗ ಅವರ ಕೈಯಾಗನ ರಾಜೀವ್ ಗಾಂಧಿ ಹತ್ಯೆ ಆತು. ಬಂದೂಕು ಕೊಟ್ಟವ ಗುರಿನೂ ತಾನ ಹೇಳ್ತೀನಿ ಅಂದ್ಕೋತಾನ. ಸವಣೂರ ನವಾಬನ ಕಾಲದಿಂದನೂ ಅದು ಹಂಗ ನಡದಿಲ್ಲ. 2016ರಾಗ ಸಿರಿಯಾದ ಅಲೆಪ್ಪೊ ಉತ್ತರಕ್ಕ ಸಿಐಎ ಬೆಂಬಲದ ಗುಂಪಿಗೂ ಅಮೆರಿಕಾದ್ದೇ ರಕ್ಷಣಾ ಇಲಾಖೆ ಬೆಂಬಲದ ಗುಂಪಿಗೂ ಗುಂಡಿನ ಕಾಳಗ ಆಗೇತಿ ಅಂದ್ರ ಇನ್ನೇನು ಹೇಳೂದು.

ಕಾನೂನು ಇಲ್ಲೇನು ಅಂತ ಮಕ್ಕಳು ಕೇಳ್ತಾರ. ಐತಿ. ನಿಕರಾಗುವಾದ ಸರ್ಕಾರದ ವಿರುದ್ಧ ಕಾಂಟ್ರಾ ಅನ್ನೋ ಬಂಡುಕೋರರಿಗೆ ಅಮೆರಿಕಾ ರೊಕ್ಕ, ಆಯುಧ, ತರಬೇತಿ ಕೊಟ್ಟಿತ್ತು, ಬಂದರಿನ್ಯಾಗ ಮೈನ್ ಇಡಿಸಿತ್ತು. ಸಣ್ಣ ದೇಶ ನಿಕರಾಗುವಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕ ಹೋತು. 1986ರ ಜೂನ್ 27ಕ್ಕ ತೀರ್ಪು ಬಂತು, ಅಮೆರಿಕಾ ಕಾನೂನು ಮುರದೈತಿ, ಪರಿಹಾರ ಕೊಡಬೇಕು ಅಂತ. ಆದ್ರ ಅದೇ ತೀರ್ಪಿನ್ಯಾಗ ಇನ್ನೊಂದು ಮಾತೈತಿ: ಕಾಂಟ್ರಾಗಳು ಹಳ್ಳಿಯೊಳಗ ಮಾಡಿದ ಕೊಲೆ, ಹಿಂಸೆ ಅಮೆರಿಕಾದ ತಲಿಗೆ ಬರಬೇಕಂದ್ರ ಆಯಾ ಕೃತ್ಯದ ಹೊತ್ತಿನ್ಯಾಗ ಅದರದೇ ನೇರ ಹಿಡಿತ ಇತ್ತು ಅಂತ ತೋರಿಸಬೇಕು, ಬರೇ ರೊಕ್ಕ, ತರಬೇತಿ ಕೊಟ್ಟಿದ್ದು ಸಾಲಂಗಿಲ್ಲ. ಯಾವ ದೇಶದವರು ಗುಟ್ಟಿನ ಯುದ್ಧ ಮಾಡ್ತಾರೋ ಅವರಿಗೆ ಇದಕ್ಕಿಂತ ದೊಡ್ಡ ಕಿಂಡಿ ಬೇಕಿಲ್ಲ. ತೀರ್ಪು ಜಾರಿ ಆಗಲಿ ಅಂತ ಭದ್ರತಾ ಮಂಡಳಿಗೆ ಹೋದ್ರ ಅಲ್ಲಿ ಅಮೆರಿಕಾ ವಿಟೋ ಹಾಕಿತು. ಪರಿಹಾರದ ರೊಕ್ಕ ನಿಕರಾಗುವಾಕ್ಕ ಮುಟ್ಟಲೇ ಇಲ್ಲ.

ಇನ್ನ ಉಕ್ರೇನ್. ಟಿವಿಯವರು ದಿನಾ ಇದನ್ನ ಅಮೆರಿಕಾ-ರಷ್ಯಾದ ಪ್ರಾಕ್ಸಿ ವಾರ್ ಅಂತಾರ, ನಿಮ್ಮ ಹುಡುಗನೂ ಅದನ್ನೇ ಕೇಳಿರಬೇಕು. ನಾನು ಪೂರ್ತಿ ಒಪ್ಪಂಗಿಲ್ಲ. 2014ರಿಂದ ಪೂರ್ವ ಉಕ್ರೇನಿನ ಡಾನ್‌ಬಾಸಿನ್ಯಾಗ ರಷ್ಯಾ ಬಂಡುಕೋರರನ್ನ ಮುಂದಿಟ್ಟು ಹಿಂದ ತಾನು ನಿಂತಿದ್ದು ಪ್ರಾಕ್ಸಿ ವಾರ್ ಖರೆ. ಆದ್ರ 2022ರ ಫೆಬ್ರುವರಿ 24ಕ್ಕ ರಷ್ಯಾ ತನ್ನದೇ ಸೇನಾ ಒಯ್ದು ಇನ್ನೊಂದು ದೇಶದೊಳಗ ನುಗ್ಗಿತು. ಪಶ್ಚಿಮದವರು ಉಕ್ರೇನಿಗೆ ಆಯುಧ ಕೊಡೂದರಾಗ ರಷ್ಯಾ ಸೋರಿ ಸೊರಗಲಿ ಅನ್ನೋ ಲೆಕ್ಕ ಐತಿ, ಯಾವ ಆಯುಧ ಯಾವಾಗ ಕೊಡಬೇಕು ಅಂತ ನಲ್ಲಿ ತಿರುವಿದಂಗ ಅಳೆದು ಸುರಿದು ಕೊಟ್ಟಿದ್ದೂ ಐತಿ. ಆದ್ರ ತನ್ನ ಊರು ಉಳಿಸಿಕೊಳ್ಳಾಕ ಬಂದೂಕು ಹಿಡದವನನ್ನ ಬರೇ ಇನ್ನೊಬ್ಬರ ಪ್ರಾಕ್ಸಿ ಅಂದ್ರ ಅವನ ಪ್ರಾಣಕ್ಕ, ಅವನ ಬುದ್ಧಿಗೆ ಬೆಲಿನ ಇಲ್ಲ ಅಂದಂಗಾತು. ಯಾವ ಶಬ್ದ ಯಾರನ್ನ ಮರೆ ಮಾಡ್ತೈತಿ ಅನ್ನೋದನ್ನ ಮಕ್ಕಳಿಗೆ ಕಲಿಸೂದು ಇಸವಿ ಬಾಯಿಪಾಠ ಮಾಡಿಸೂಕಿಂತ ಮುಖ್ಯ.

ಅದು ದೂರದ್ದು ಅಂತನೂ ಹೇಳಾಕ ಬರಂಗಿಲ್ಲ. ಆ ಯುದ್ಧ ಶುರುವಾದ ಒಂದೇ ವಾರದಾಗ ಖಾರ್ಕಿವ್‌ನ್ಯಾಗ ನಮ್ಮ ಹಾವೇರಿ ಜಿಲ್ಲಾದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಸಿಕ್ಕು ಸತ್ತ. ಸೂರ್ಯಪಾನ ಎಣ್ಣಿ ರೇಟ್ ಏರಿದ್ದೂ ಆವಾಗನ, ನಾವು ತರಿಸೂ ಎಣ್ಣಿ ಬಹುಪಾಲು ಉಕ್ರೇನಿಂದನ ಬರ್ತಿತ್ತು. ಎಣ್ಣಿ ರೇಟ್ ಮತ್ತ ಇಳೀತು.

ಅಕ್ಕೋರ, ಒಂದು ಕೇಳ್ಕೋತೀನಿ. ಈ ಸಲ ಶಾಲಿ ಟ್ರಿಪ್ ದೂರ ಒಯ್ಯಬ್ಯಾಡ್ರಿ, ಲಕ್ಷ್ಮೇಶ್ವರದ ಮ್ಯಾಲ ಹಾದು ಸವಣೂರಿಗೆ ಕರ್ಕೊಂಡು ಹೋಗ್ರಿ. ನವಾಬರ ಅರಮನಿ ತೋರಿಸ್ರಿ, ಆಮ್ಯಾಲ ದೊಡ್ಡ ಹುಣಸಿಮರದ ಮಠಕ್ಕ ಹೋಗಿ ಆ ಮರಗಳ ನೆಳ್ಳಿಗೆ ಹುಡುಗರನ್ನ ಕುಂದರಿಸ್ರಿ. ನಾವು ಹುಣಸಿ ಅಂತೀವಿ, ಅವು ಆಫ್ರಿಕಾದ ಜಾತಿ ಗಿಡ, ಯಾರೋ ದೂರದಿಂದ ತಂದು ಹಚ್ಚಿದ್ದು. ಅಲ್ಲಿ ಕುಂತು 1751ರ ಕತಿ ಹೇಳ್ರಿ, ನವಾಬ ಹೆಂಗ ಸತ್ತ ಅಂತ. ಹೇಳಿ ಮುಗಿಸಿದಮ್ಯಾಲ ಆ ನವಾಬನ ಜೋಡಿ ಹೋಗಿದ್ದ ಸವಣೂರು, ಬಂಕಾಪುರದ ಕಡಿಯ ಸಿಪಾಯಿಗಳು ಎಷ್ಟು ಮಂದಿ ಮನಿಗೆ ತಿರುಗಿ ಬಂದಿದ್ದಾರು ಅಂತ ಆ ಹುಡುಗನ್ನ ಕೇಳ್ರಿ. ಅವ ಏನಂದ ಅಂತ ನನಗ ಬರದು ಕಳಿಸ್ರಿ, ಅವನ ಮಾತಿನ್ಯಾಗನ ಅಚ್ಚು ಹಾಕ್ತೀವಿ.