ಸುಡು ಬಿಸಿಲಿದ್ದರೂ ಯೂನಿಟ್ ಏಕೆ ಕಡಿಮೆ? ಸೋಲಾರ್ ಪ್ರಶ್ನೋತ್ತರ

ಬೇಸಿಗೆ ಬಿರುಸಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸೋಲಾರ್ ಕುರಿತ ದೂರುಗಳೇ ಹೆಚ್ಚಾಗಿವೆ. ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬಂದ ಐದು ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಇವರಲ್ಲಿ ಮೂವರು ಪ್ಯಾನೆಲ್ ಅಥವಾ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಕೆಟ್ಟಿದೆ ಎಂದು ತೀರ್ಮಾನಿಸಿಕೊಂಡೇ ಬರೆದಿದ್ದಾರೆ. ಅವರು ಕೊಟ್ಟಿರುವ ವಿವರಗಳನ್ನು ನೋಡಿದರೆ ನನಗೆ ಆ ಮೂರರಲ್ಲಿ ಒಂದರ ಮೇಲೂ ಅನುಮಾನ ಬರುವುದಿಲ್ಲ.

ಪ್ರಶ್ನೆ: ಜನವರಿಯಲ್ಲಿ ಮನೆಯ ಮೇಲೆ 540 ವ್ಯಾಟ್‌ನ ಆರು ಪ್ಯಾನೆಲ್ ಹಾಕಿಸಿದೆವು. ಆಗ ದಿನಕ್ಕೆ 13 ಯೂನಿಟ್ ಬರುತ್ತಿತ್ತು. ಈಗ ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲೆ ಕಾಲಿಡಲಾಗದಷ್ಟು ಬಿಸಿಲಿದ್ದರೂ 9 ಯೂನಿಟ್ ದಾಟುತ್ತಿಲ್ಲ. ಹಾಕಿಕೊಟ್ಟವರು ‘ಬೇಸಿಗೆಯಲ್ಲಿ ಹಾಗೇ ಸರ್, ಶಾಖ ಜಾಸ್ತಿ’ ಎನ್ನುತ್ತಾರೆ. ನಮ್ಮ ಮನೆ ಅಕ್ಕಿ ಗಿರಣಿಗಳ ಹತ್ತಿರವಿದೆ. ಪ್ಯಾನೆಲ್ ಬದಲಿಸಿಕೊಡಿ ಎಂದು ಪಟ್ಟು ಹಿಡಿಯಬಹುದೇ? (ಕಿರಾಣಿ ವ್ಯಾಪಾರಿ, ಕಾರಟಗಿ)

ಉತ್ತರ: ಹಾಕಿಕೊಟ್ಟವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದರಿಂದ ನಿಮ್ಮ ಲೆಕ್ಕ ಸರಿಹೋಗುವುದಿಲ್ಲ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಶಾಖವಲ್ಲ. ಅದರ ಹಿಂದೆ ಅಂಟಿಸಿರುವ 540 ವ್ಯಾಟ್ ಎಂಬ ಅಂಕಿ ಒಳಗಿನ ಸೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ ಅಳೆದದ್ದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.35ರಷ್ಟು ಶಕ್ತಿ ಇಳಿಯುತ್ತದೆ. ಗಾಳಿಯ ಉಷ್ಣತೆ 41 ಡಿಗ್ರಿ ಇರುವ ಮಧ್ಯಾಹ್ನ ಸೆಲ್ 67 ಡಿಗ್ರಿಯವರೆಗೆ ಕಾಯುವುದುಂಟು, ಅಂದರೆ ಸುಮಾರು 15 ಪಾಲು ಅಲ್ಲಿಯೇ ಹೋಯಿತು. ಆದರೆ ಜನವರಿಯ ಮಧ್ಯಾಹ್ನವೂ ಸೆಲ್ ತಣ್ಣಗಿರಲಿಲ್ಲ, 50 ಡಿಗ್ರಿಯ ಆಸುಪಾಸಿನಲ್ಲಿತ್ತು. ಎರಡು ತಿಂಗಳುಗಳ ನಡುವಿನ ವ್ಯತ್ಯಾಸ ಹದಿನೈದು-ಹದಿನೇಳು ಡಿಗ್ರಿ ಮಾತ್ರ, ಅದರಿಂದಾಗುವ ನಷ್ಟ ನೂರಕ್ಕೆ 5 ಅಥವಾ 6. ನಿಮ್ಮಲ್ಲಿ ಇಳಿದಿರುವುದು ನೂರಕ್ಕೆ 30. ಉಳಿದ ಇಪ್ಪತ್ತೈದು ಪಾಲು ಎಲ್ಲಿಗೆ ಹೋಯಿತು ಎಂಬುದನ್ನು ನಾವು ಹುಡುಕಬೇಕು.

ಅದಕ್ಕೆ ನೀವೇ ಪತ್ರದ ಕೊನೆಯಲ್ಲಿ ಸುಳಿವು ಕೊಟ್ಟಿದ್ದೀರಿ. ಬೇಸಿಗೆ ಬೆಳೆಯ ಭತ್ತ ಗಿರಣಿಗೆ ಬರುವ ಕಾಲವಿದು. ಹೊಟ್ಟು ಉರಿದ ಕರಿ ಬೂದಿ ನಯವಾಗಿರುವುದರಿಂದ ಗಾಜಿನ ಮೇಲೆ ಪುಡಿಯಂತೆ ಕುಳಿತಾಗ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಅಶ್ವಿನಿ ಮಳೆಯ ನಾಲ್ಕು ಹನಿ ಬಿದ್ದರೆ ಪ್ಯಾನೆಲ್ ತೊಳೆಯಿತು ಎಂದು ನಾವು ಸಮಾಧಾನಪಡುತ್ತೇವೆ, ಆದರೆ ಆಗುವುದು ಅದಕ್ಕೆ ವಿರುದ್ಧ. ಆ ನೀರು ಬೂದಿಯನ್ನೆಲ್ಲ ಕೆಳಗೆ ಎಳೆದುಕೊಂಡು ಬಂದು, ಅಲ್ಯೂಮಿನಿಯಂ ಚೌಕಟ್ಟಿನ ಕೆಳ ಅಂಚಿನಲ್ಲಿ ನಿಲ್ಲಿಸಿ ಆರಿಹೋಗುತ್ತದೆ. ಮಾಳಿಗೆ ಹತ್ತಿ ನೋಡಿ, ಕೆಳ ಅಂಚಿನುದ್ದಕ್ಕೂ ಎರಡು ಬೆರಳಗಲದ ಕರಿ ಪಟ್ಟಿ ಇದೆಯೇ? ಇದ್ದರೆ ನಿಮ್ಮ ಯೂನಿಟ್‌ಗಳನ್ನು ನುಂಗುತ್ತಿರುವುದು ಹೆಚ್ಚಾಗಿ ಅದೇ. ಪ್ಯಾನೆಲ್‌ನ ಸೆಲ್‌ಗಳು ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಸೇರಿಕೊಂಡಿರುವುದರಿಂದ, ಕೆಳಸಾಲಿನ ಸೆಲ್‌ಗಳಿಗೆ ಮಬ್ಬು ಕವಿದರೆ ಅವುಗಳ ಹಿಂದಿರುವ ಸ್ವಚ್ಛ ಸೆಲ್‌ಗಳ ಕರೆಂಟೂ ಅಷ್ಟಕ್ಕೇ ಇಳಿಯುತ್ತದೆ. ಅಂಗೈಯಷ್ಟು ಕೊಳೆಗೆ ಅಂಗೈಯಷ್ಟೇ ನಷ್ಟ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈಗಿನ ಅರ್ಧ ಸೆಲ್‌ನ (ಸೆಲ್‌ಗಳನ್ನು ಎರಡಾಗಿ ಕತ್ತರಿಸಿ, ಮೇಲರ್ಧ ಕೆಳರ್ಧಗಳನ್ನು ಬೇರೆ ಬೇರೆಯಾಗಿ ಜೋಡಿಸಿದ) ಪ್ಯಾನೆಲ್ ಅನ್ನು ಉದ್ದುದ್ದ ನಿಲ್ಲಿಸಿದ್ದರೆ ಕೆಳಗಿನ ಅರ್ಧ ಮಾತ್ರ ಸೊರಗುತ್ತದೆ, ಮೇಲಿನ ಅರ್ಧ ದುಡಿಯುತ್ತಿರುತ್ತದೆ.

ಪರೀಕ್ಷೆ ಸುಲಭವಾಗಿದೆ. ಒಂದು ದಿನ ಬೆಳಿಗ್ಗೆ 11.30ಕ್ಕೆ ಇನ್ವರ್ಟರ್ ಪರದೆಯಲ್ಲಿ ಎಷ್ಟು ವ್ಯಾಟ್ ತೋರಿಸುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಅಂದು ಸಂಜೆ ಆರೂ ಪ್ಯಾನೆಲ್ ತೊಳೆಯಿರಿ. ಮರುದಿನ ಮೋಡವಿಲ್ಲದಿದ್ದರೆ ಅದೇ 11.30ಕ್ಕೆ ಮತ್ತೆ ಬರೆದುಕೊಳ್ಳಿ. ಒಂದನ್ನೇ ತೊಳೆದು ನೋಡಿದರೆ ವ್ಯತ್ಯಾಸ ಕಾಣದು, ಏಕೆಂದರೆ ಉಳಿದ ಐದು ಅದನ್ನು ಹಿಡಿದು ನಿಲ್ಲಿಸುತ್ತವೆ. ತೊಳೆಯುವುದಕ್ಕೆ ಬೋರ್‌ವೆಲ್ ನೀರು ಬೇಡ. ನಮ್ಮ ಭಾಗದ ಗಡಸು ನೀರು ಆರಿದಾಗ ಬಿಳಿ ಕಲೆ ಕಟ್ಟುತ್ತದೆ, ಅದನ್ನು ಬಿಡಿಸುವುದು ಬೂದಿಗಿಂತ ಕಷ್ಟ. ಕಾಲುವೆ ನೀರನ್ನು ತಿಳಿಗೊಳಿಸಿ ಬಳಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಕೆಳ ಅಂಚಿನ ನೀರನ್ನು ರಬ್ಬರ್ ವೈಪರ್‌ನಿಂದ ಹೊರಗೆ ತಳ್ಳಿಬಿಡಿ. ಕಾದ ಗಾಜಿನ ಮೇಲೆ ನಡುಮಧ್ಯಾಹ್ನ ತಣ್ಣೀರು ಸುರಿದರೆ ಗಾಜು ಸೀಳುವ ಅಪಾಯವಿದೆ. ತೊಳೆದ ಮೇಲೂ ಅಂಕಿ ಏರದಿದ್ದರೆ ಆ ಎರಡು ದಿನಗಳ ಲೆಕ್ಕವನ್ನು ಮುಂದಿಟ್ಟುಕೊಂಡೇ ಹಾಕಿಕೊಟ್ಟವರ ಹತ್ತಿರ ಹೋಗಿ. ಬರಿ ಬಾಯಿಮಾತಿನ ಜಗಳಕ್ಕಿಂತ ಅದು ಮೇಲು.

ಪ್ರಶ್ನೆ: ಕರೆಂಟು ಹೋದಾಗ ನಮ್ಮ ಸೋಲಾರ್ ಕೂಡ ನಿಂತುಬಿಡುತ್ತದೆ. ಬಿಸಿಲಿರುವಾಗಲೂ ಫ್ಯಾನ್ ತಿರುಗುವುದಿಲ್ಲ. ನಮಗೆ ಮೋಸವಾಗಿದೆಯೇ? (ಗೃಹಿಣಿ, ಮಾನ್ವಿ)

ಉತ್ತರ: ಮೋಸವಾಗಿಲ್ಲ. ನಿಮ್ಮದು ಬ್ಯಾಟರಿಯಿಲ್ಲದ, ಲೈನಿಗೆ ಜೋಡಿಸಿದ ಇನ್ವರ್ಟರ್. ಲೈನಿನಲ್ಲಿ ವಿದ್ಯುತ್ ಇಲ್ಲವೆಂದು ತಿಳಿದೊಡನೆ ಅದು ಕಡ್ಡಾಯವಾಗಿ ನಿಲ್ಲಬೇಕು, ಇಲ್ಲದಿದ್ದರೆ ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟು ಹೊಡೆಯುತ್ತದೆ. ಕರೆಂಟು ಹೋದಾಗಲೂ ಬೇಕೆಂದಿದ್ದರೆ ಬ್ಯಾಟರಿಸಹಿತ ಹೈಬ್ರಿಡ್ ಇನ್ವರ್ಟರ್ ಬೇಕಾಗುತ್ತದೆ, ಖರ್ಚು ಹೆಚ್ಚು. ಮಾರುವಾಗ ಇದನ್ನು ಹೇಳದೇ ಇದ್ದದ್ದು ಮಾತ್ರ ತಪ್ಪು.

ಪ್ರಶ್ನೆ: ನಮ್ಮದು 5 ಕಿಲೋವ್ಯಾಟ್, ಸಿಂಗಲ್ ಫೇಸ್. ಇನ್ವರ್ಟರ್ ಹಿತ್ತಲಿನ ಉಗ್ರಾಣದಲ್ಲಿದೆ, ಮೀಟರ್ ರಸ್ತೆ ಬದಿಯ ಗೇಟಿನ ಹತ್ತಿರವಿದೆ, ನಡುವೆ 40 ಮೀಟರ್ ವೈರ್. 11 ಗಂಟೆಯಿಂದ 2 ಗಂಟೆಯವರೆಗೆ ಇನ್ವರ್ಟರ್ ‘ಗ್ರಿಡ್ ವೋಲ್ಟೇಜ್ ಹೆಚ್ಚು’ ಎಂದು ತೋರಿಸಿ ನಿಲ್ಲುತ್ತದೆ, ಐದು ನಿಮಿಷಕ್ಕೆ ಮತ್ತೆ ಏಳುತ್ತದೆ. ಇನ್ವರ್ಟರ್ ಬದಲಿಸಬೇಕೆ? (ರೈತರು, ಸಿರುಗುಪ್ಪ)

ಉತ್ತರ: ಬದಲಿಸುವ ಮುನ್ನ ವೈರಿನ ದಪ್ಪ ನೋಡಿ. ನೀರು ತಗ್ಗಿಗೆ ಹರಿಯುವಂತೆ ಕರೆಂಟು ಹೆಚ್ಚಿನ ವೋಲ್ಟೇಜ್‌ನಿಂದ ಕಡಿಮೆ ವೋಲ್ಟೇಜ್‌ನ ಕಡೆಗೆ ಹರಿಯುತ್ತದೆ. ಆದ್ದರಿಂದ ಹೊರಗೆ ಕರೆಂಟು ತಳ್ಳಬೇಕಾದರೆ ಇನ್ವರ್ಟರ್ ತನ್ನ ಬಾಯಲ್ಲಿ ಲೈನಿಗಿಂತ ಸ್ವಲ್ಪ ಹೆಚ್ಚಿನ ವೋಲ್ಟೇಜ್ ಇಟ್ಟುಕೊಳ್ಳಲೇಬೇಕು. ಎಷ್ಟು ಹೆಚ್ಚು ಎಂಬುದನ್ನು ನಡುವಿನ ವೈರ್ ತೀರ್ಮಾನಿಸುತ್ತದೆ. 5 ಕಿಲೋವ್ಯಾಟ್ ಎಂದರೆ ಸುಮಾರು 22 ಆಂಪಿಯರ್. 4 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಹೋಗಿ ಬರುವ 80 ಮೀಟರ್‌ಗೆ ಸುಮಾರು 8 ವೋಲ್ಟ್ ವ್ಯತ್ಯಾಸ ಬೀಳುತ್ತದೆ. ಮೀಟರ್ ಹತ್ತಿರ 246 ಇದ್ದರೆ ಇನ್ವರ್ಟರ್ ಹತ್ತಿರ 254 ಆಯಿತು. 230ರ ಮೇಲೆ ನೂರಕ್ಕೆ ಹತ್ತು, ಅಂದರೆ 253 ದಾಟಿದರೆ ಅದು ನಿಲ್ಲಬೇಕೆಂಬುದು ನಿಯಮ. ಅದು ನಿಯಮದಂತೆ ನಡೆದುಕೊಳ್ಳುತ್ತಿದೆ, ಅಷ್ಟೆ. 10 ಚದರ ಮಿಲಿಮೀಟರ್ ವೈರ್ ಎಳೆಸಿದರೆ ಅದೇ ದೂರಕ್ಕೆ 3 ವೋಲ್ಟ್‌ನಲ್ಲಿ ಮುಗಿಯುತ್ತದೆ.

ಮಧ್ಯಾಹ್ನ 12ರ ಹೊತ್ತಿಗೆ ಮೀಟರ್ ಬೋರ್ಡಿನಲ್ಲಿ ಒಂದು, ಇನ್ವರ್ಟರ್ ಹತ್ತಿರ ಒಂದು, ಹೀಗೆ ಎರಡು ಕಡೆ ಅಳತೆ ಮಾಡಿಸಿ. ಎರಡರ ನಡುವೆ ಬಹಳ ಅಂತರವಿದ್ದರೆ ದೋಷ ನಿಮ್ಮ ವೈರಿನಲ್ಲಿದೆ. ಸೋಲಾರ್ ಬಂದ್ ಮಾಡಿದಾಗಲೂ ಮೀಟರ್‌ನಲ್ಲೇ 250 ಮೀರಿದ್ದರೆ ದೋಷ ಹೊರಗಿನದು. ಆಗ ದಿನ, ಹೊತ್ತು, ಅಂಕಿಗಳ ಸಮೇತ ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲಿ ಕೊಟ್ಟು ನಿಮ್ಮ ಟಿಸಿಯನ್ನು (ಟ್ರಾನ್ಸ್‌ಫಾರ್ಮರ್) ಪರೀಕ್ಷಿಸಲು ಕೇಳಿ. ಇನ್ವರ್ಟರ್‌ನ ಪಾಸ್‌ವರ್ಡ್ ಹಾಕಿ ಮಿತಿಯನ್ನೇ 270ಕ್ಕೆ ಏರಿಸಿಕೊಡುವವರು ಇದ್ದಾರೆ. ಆ ದಾರಿ ಬೇಡ, ಏಕೆಂದರೆ ಅಷ್ಟು ವೋಲ್ಟೇಜ್ ನಿಮ್ಮ ಫ್ರಿಜ್‌ಗೂ ಹೋಗುತ್ತದೆ.

ಇನ್ನೊಂದು ಕಾರಣವನ್ನು ನಾಚಿಕೆಯಿಂದಲೇ ಹೇಳಬೇಕು. ಬಳ್ಳಾರಿಯ ನನ್ನ ಮನೆಯಲ್ಲಿ ಇದೇ ತೊಂದರೆ ಬಂದಾಗ ಎರಡು ವಾರ ಲೈನನ್ನು ಬೈದುಕೊಂಡಿದ್ದೆ. ಕೊನೆಗೆ ಮೆಯಿನ್ ಸ್ವಿಚ್ಚಿನ ಮುಚ್ಚಳ ತೆಗೆದರೆ ನ್ಯೂಟ್ರಲ್‌ನ ಸ್ಕ್ರೂ ಸಡಿಲವಾಗಿತ್ತು, ಕಪ್ಪು ವೈರಿನ ತುದಿ ಬೆಲ್ಲದ ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಅರ್ಧ ಸುತ್ತು ಬಿಗಿ ಮಾಡುವ ಕೆಲಸ ಅದು.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು. 30–40 ಅಡಿ ನಿವೇಶನದಲ್ಲಿ ಆರ್‌ಸಿಸಿ ಮನೆ. ತಿಂಗಳಿಗೆ 210 ಯೂನಿಟ್ ಬಳಕೆ. ಮಾಳಿಗೆಯ ನಡುವೆ ಸ್ಟ್ಯಾಂಡ್ ಸೇರಿ ಎರಡೂವರೆ ಮೀಟರ್ ಎತ್ತರದ ನೀರಿನ ಟ್ಯಾಂಕ್ ಇದೆ. ಒಬ್ಬರು 5 ಕಿಲೋವ್ಯಾಟ್ ಹಾಕಿಸಿ ಎನ್ನುತ್ತಾರೆ. ಎಷ್ಟು ಬೇಕು, ಎಲ್ಲಿ ಹಾಕಿಸಬೇಕು? (ಓದುಗರು, ರಾಯಚೂರು)

ಉತ್ತರ: ನಿಮಗೆ 5 ಬೇಡ. ದಿನಕ್ಕೆ 7 ಯೂನಿಟ್ ಬಳಕೆ, ಒಂದು ಕಿಲೋವ್ಯಾಟ್‌ನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಎಂದು ಹಿಡಿಯಬಹುದು. 540 ವ್ಯಾಟ್‌ನ ನಾಲ್ಕು ಪ್ಯಾನೆಲ್ ಸಾಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ಮೂರರಿಂದ ಮೇಲಕ್ಕೆ ಹೋದರೆ ಸಹಾಯಧನ ಹೆಚ್ಚುವುದಿಲ್ಲ, ಮಾರುವವರ ಬಿಲ್ ಮಾತ್ರ ಹೆಚ್ಚುತ್ತದೆ. ಇದೇ ಸಂದರ್ಭದಲ್ಲಿ ಇತರ ಓದುಗರಿಗೂ ಒಂದು ಮಾತು. ಗೃಹಜ್ಯೋತಿಯಿಂದ ಈಗಾಗಲೇ ಶೂನ್ಯ ಬಿಲ್ ಬರುತ್ತಿರುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸುವ ಆತುರಕ್ಕೆ ಬೀಳಬಾರದು.

ಇನ್ನು ಜಾಗದ ವಿಷಯ. ನಾಲ್ಕು ಪ್ಯಾನೆಲ್‌ಗೆ ಸುಮಾರು 115 ಚದರ ಅಡಿ, ಜೊತೆಗೆ ತೊಳೆಯಲು ಓಡಾಡುವಷ್ಟು ಜಾಗ ಬೇಕು. ಮುಖ ದಕ್ಷಿಣಕ್ಕಿರಲಿ, ಓರೆ ಸುಮಾರು 15 ಡಿಗ್ರಿ ಇರಲಿ, ಏಕೆಂದರೆ ರಾಯಚೂರು ಇರುವುದು ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿ. ಟ್ಯಾಂಕಿನ ಉತ್ತರಕ್ಕೆ ಹಾಕಿಸಬೇಡಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿದಾಗ ಆ ಟ್ಯಾಂಕಿನ ನೆರಳು ಮಧ್ಯಾಹ್ನ 2 ಮೀಟರ್ ಉತ್ತರಕ್ಕೆ, ಬೆಳಿಗ್ಗೆ 9ರ ಸುಮಾರಿಗೆ 4 ಮೀಟರ್‌ಗೂ ಹೆಚ್ಚು ವಾಯವ್ಯಕ್ಕೆ ಚಾಚುತ್ತದೆ. ದಕ್ಷಿಣದ ಕಡೆ ಹಾಕಿಸಿದರೆ ಆ ಚಿಂತೆಯಿಲ್ಲ. ಜೂನ್‌ನಲ್ಲಿ ನಮ್ಮ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದು ನಿಜವಾದರೂ, ಆಗ ನಡುಮಧ್ಯಾಹ್ನ ನೆರಳು ದಕ್ಷಿಣಕ್ಕೆ ಒಂದು ಅಡಿಯಷ್ಟೇ ಬೀಳುತ್ತದೆ.

ಇನ್ವರ್ಟರ್ ಆರಿಸುವಾಗ ಒಂದು ಪ್ರಶ್ನೆ ತಪ್ಪದೇ ಕೇಳಿ. ಅದು ಎಷ್ಟು ವೋಲ್ಟ್‌ನಿಂದ ಕೆಲಸ ಆರಂಭಿಸುತ್ತದೆ? ನಾಲ್ಕು ಪ್ಯಾನೆಲ್‌ಗಳ ಸಾಲು ಕಾಗದದ ಮೇಲೆ 165 ವೋಲ್ಟ್‌ನಲ್ಲಿ ದುಡಿಯುತ್ತದೆ, ಆದರೆ ಮೇ ತಿಂಗಳ ಮಧ್ಯಾಹ್ನ ಕಾದಾಗ 140ಕ್ಕೆ ಇಳಿಯುತ್ತದೆ. 150 ವೋಲ್ಟ್ ಬೇಡುವ ಇನ್ವರ್ಟರ್ ಕೊಟ್ಟರೆ ನಿಮಗೆ ಬೇಸಿಗೆಯುದ್ದಕ್ಕೂ ತಲೆನೋವು. ಮುಂಗಾರಿಗೆ ಮುಂಚಿನ ಬಿರುಗಾಳಿಯನ್ನು ನೆನೆದು ಸ್ಟ್ಯಾಂಡಿನ ಕಾಲುಗಳನ್ನು ಕಾಂಕ್ರೀಟ್ ದಿಮ್ಮಿಗಳಲ್ಲಿ ಹೂಳಿಸಿ. ಪ್ಯಾನೆಲ್ ಕಡೆಗೆ, ಇನ್ವರ್ಟರ್ ಕಡೆಗೆ ಮತ್ತು ಸಿಡಿಲು ತಡೆಗೆ ಮೂರು ಬೇರೆ ಬೇರೆ ಅರ್ಥಿಂಗ್ ಗುಂಡಿಗಳಿರಲಿ.

ಪ್ರಶ್ನೆ: ದಾಳಿಂಬೆ ತೋಟಕ್ಕೆ 5 ಎಚ್‌ಪಿ ಸೋಲಾರ್ ಪಂಪ್ ಇದೆ, 540 ವ್ಯಾಟ್‌ನ ಒಂಬತ್ತು ಪ್ಯಾನೆಲ್ ಒಂದೇ ಸಾಲಿನಲ್ಲಿವೆ. ಬೆಳಿಗ್ಗೆ ನೀರು ಬರುತ್ತದೆ, ಬಿಸಿಲು ಏರಿದಾಗ ಪಂಪ್ ತಡವರಿಸಿ ನಿಲ್ಲುತ್ತದೆ. ಮೆಕ್ಯಾನಿಕ್ ಮೀಟರ್ ಹಿಡಿದು 395 ವೋಲ್ಟ್ ಬರುತ್ತಿದೆ, ಎಲ್ಲ ಸರಿಯಿದೆ ಎಂದರು. ಮೂರನೇ ಪ್ಯಾನೆಲ್ ಕೆಳಗಿನ ಜೋಡಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದೆ. ಆ ಪ್ಯಾನೆಲ್ ಹೋಗಿದೆಯೇ? (ರೈತರು, ಕುಷ್ಟಗಿ)

ಉತ್ತರ: ಪ್ಯಾನೆಲ್ ಹೋಗಿಲ್ಲ, ಜೋಡಣೆ ಹೋಗಿದೆ. ಮೆಕ್ಯಾನಿಕ್ ಅಳೆದ ಅಂಕಿ ಸರಿಯೇ. ಕಾದ ಪ್ಯಾನೆಲ್ ಒಂದಕ್ಕೆ 44 ವೋಲ್ಟ್‌ನಂತೆ ಒಂಬತ್ತಕ್ಕೆ ಅಷ್ಟೇ ಬರಬೇಕು. ಆದರೆ ಅವರು ಅಳೆದದ್ದು ಪಂಪ್ ಬಂದ್ ಇದ್ದಾಗ. ಡ್ರಿಪ್ ಪೈಪಿನಲ್ಲಿ ಕಸ ಸಿಕ್ಕಿದ್ದರೂ ವಾಲ್ವ್ ಮುಚ್ಚಿರುವಾಗ ಒತ್ತಡ ಪೂರ್ತಿ ಇದೆ ಎಂದೇ ಗೇಜ್ ತೋರಿಸುತ್ತದೆ, ವಾಲ್ವ್ ತೆರೆದಾಗಲೇ ನೀರು ಹನಿಯುವುದು ಗೊತ್ತಾಗುವುದು. ಇಲ್ಲಿಯೂ ಹಾಗೆಯೇ. ಬೆಳಗಿನ ಎಳೆ ಬಿಸಿಲಿನಲ್ಲಿ ಕರೆಂಟು ಕಡಿಮೆಯಿರುವುದರಿಂದ ಆ ಕೆಟ್ಟ ಜೋಡಣೆಯೂ ಹೇಗೋ ಸಾಗಿಸುತ್ತದೆ. ಮಧ್ಯಾಹ್ನ ಹನ್ನೆರಡು ಆಂಪಿಯರ್ ಹರಿಯತೊಡಗಿದಾಗ ಅಲ್ಲೇ ಕಾದು, ವೋಲ್ಟೇಜ್ ಬಿದ್ದು, ಪಂಪಿನ ಕಂಟ್ರೋಲರ್ ಕೈಬಿಡುತ್ತದೆ. ಒಂದು ಕಂಪನಿಯ ಗಂಡು ಪಿನ್ನನ್ನು ಇನ್ನೊಂದು ಕಂಪನಿಯ ಹೆಣ್ಣು ಪಿನ್ನಿಗೆ ಒತ್ತಿ ಸೇರಿಸಿದಾಗ, ಅಥವಾ ವೈರನ್ನು ಸರಿಯಾದ ಕ್ರಿಂಪಿಂಗ್ ಟೂಲ್ (ಪಿನ್ನನ್ನು ವೈರಿಗೆ ಒತ್ತಿ ಬಿಗಿಯುವ ಉಪಕರಣ) ಇಲ್ಲದೆ ಇಕ್ಕಳದಿಂದ ಅಮುಕಿದಾಗ ಹೀಗಾಗುತ್ತದೆ.

ಅದನ್ನು ಬಿಸಿಲಿನಲ್ಲಿ ನೀವೇ ಎಳೆದು ಬಿಚ್ಚಬೇಡಿ. ಕರೆಂಟು ಹರಿಯುತ್ತಿರುವಾಗ ಬಿಚ್ಚಿದರೆ ಈ ಡಿಸಿ ಕರೆಂಟು ಕಿಡಿಯಾಗಿ ನಿಂತು ಉರಿಯುತ್ತದೆ, ಮನೆಯ ಎಸಿ ಕರೆಂಟಿನಂತೆ ತಾನಾಗಿ ಆರುವುದಿಲ್ಲ. ಪಂಪ್ ನಿಲ್ಲಿಸಿ, ಡಿಸಿ ಸ್ವಿಚ್ ಕೆಳಗೆ ಮಾಡಿ, ಹೊತ್ತು ಮುಳುಗಿದ ಮೇಲೆ ಮೆಕ್ಯಾನಿಕ್ ಕೈಯಿಂದ ಎರಡೂ ಬದಿಯ ಪಿನ್‌ಗಳನ್ನು ಒಂದೇ ಕಂಪನಿಯ ಹೊಸ ಜೋಡಿಯಿಂದ ಬದಲಿಸಿ, ಸುಟ್ಟ ವೈರನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಉಳಿದ ಎಂಟು ಪ್ಯಾನೆಲ್‌ಗಳ ಜೋಡಣೆಗಳನ್ನೂ ಅಂದೇ ಒಂದೊಂದಾಗಿ ನೋಡಿಸಿ. ಮೂರನೆಯದನ್ನು ಅಮುಕಿದ ಇಕ್ಕಳವೇ ಉಳಿದವನ್ನೂ ಅಮುಕಿರುತ್ತದೆ.